ಹಲ್ಲು ಉಳಿಯಿತು, ಎಲ್ಲರಿಗೂ ಶರಣು

ನನ್ನ ಹಲ್ಲುನೋವಿನ ಸುದ್ದಿ ಕೊಪ್ಪಳದ ಜವಾಹರ ರಸ್ತೆಯ ಅರ್ಧ ಅಂಗಡಿಗಳಿಗೆ ಗೊತ್ತಿತ್ತು. ಥ್ಯಾಂಕ್ಸ್ ಕೂಡ ಎಲ್ಲರ ಎದುರಿಗೇ ಹೇಳಬೇಕಲ್ವಾ? ರೂಟ್ ಕೆನಾಲ್ ಮುಗಿಯಿತು, ಮೊನ್ನೆ ಕ್ಯಾಪ್ ಕೂಡ ಕೂತಿತು.

ಮೊದಲ ಶರಣು ಡಾಕ್ಟರ್ ಮೇಡಂಗೆ. ಮಿಷಿನ್ ಮುಟ್ಟುವ ಮೊದಲೇ ಎಕ್ಸ್‌ರೇ ತೋರಿಸಿ ಬಿಡಿಸಿ ಹೇಳಿದರು. ಹಲ್ಲಿನ ಒಳಗಿನ ನರ ಕೆಟ್ಟಿದೆ. ಮಾತ್ರೆಗೆ ನೋವು ತಗ್ಗಬಹುದು, ಕೆಟ್ಟ ನರ ಸರಿಹೋಗಲ್ಲ. ಒಳಗೆಲ್ಲ ಸ್ವಚ್ಛ ಮಾಡಿ ಹಲ್ಲು ಉಳಿಸಿಕೊಳ್ಳಬೇಕು, ಇಲ್ಲವೇ ಕೀಳಿಸಬೇಕು. ಆಮೇಲೆ ಏನೇನು ಆಗುತ್ತದೆ ಅಂತ ಒಂದೊಂದಾಗಿ ಹೇಳಿದರು. ಹೇಳಿದ ಹಾಗೇ ಆಯಿತು.

ಇಂಜೆಕ್ಷನ್ ಚುರ್ ಅಂತು. ಎದೆ ಡವಡವ ಅಂದಾಗ, 'ಔಷಧದಲ್ಲಿ ಅಡ್ರಿನಲಿನ್ ಇರುತ್ತೆ, ಈಗ ಇಳಿಯುತ್ತೆ' ಅಂದರು. ಇಳಿಯಿತು. ಕೆಳತುಟಿ ನನ್ನದಲ್ಲವೇನೋ ಅನ್ನುವಷ್ಟು ಜೋಮು. ಹಲ್ಲಿನ ಸುತ್ತ ಹಸಿರು ರಬ್ಬರ್ ಹಾಳೆ ಹಾಕಿದ್ದರಿಂದ ಔಷಧ ಗಂಟಲಿಗೆ ಇಳಿಯಲಿಲ್ಲ. ಆಮೇಲೆ ಹಲ್ಲಿನೊಳಗೆ ಕೆರೆದು ಸ್ವಚ್ಛ ಮಾಡುವ ಕೂದಲೆಳೆಯಂಥ ಫೈಲುಗಳು, ಬ್ಲೀಚಿಂಗ್ ಪೌಡರ್ ವಾಸನೆಯ ನೀರು, ಬೇರಿನ ತುದಿ ಅಳೆಯುವ ಮಿಷಿನ್ನಿನ ಟೀಂ ಟೀಂ. ಆ ದವಡೆ ಹಲ್ಲಿಗೆ ಎರಡು ಬೇರು, ಮೂರು ನಾಳ. ನಿಜ ಹೇಳಬೇಕೆಂದರೆ ನೋವಿಗಿಂತ ಬಾಯಿ ತೆರೆದೂ ತೆರೆದೂ ದವಡೆ ಸೋತದ್ದೇ ಜಾಸ್ತಿ. ಕೊನೆಗೆ ನಾಳಗಳಿಗೆ ಗಟ್ಟಾ ಪರ್ಚಾ ತುಂಬಿದರು. ಮರದ ಹಾಲಿನಿಂದ ಬರುವ ಒಂಥರಾ ರಬ್ಬರ್ ಅಂತೆ.

ಮೇಡಂ ಪಕ್ಕದಲ್ಲಿ ನಿಂತಿದ್ದ ಸಹಾಯಕಿ ತಂಗಿಗೂ ಶರಣು. 'ನೋವಾದ್ರ ಎಡಗೈ ಎತ್ರೀ ಅಣ್ಣಾ' ಅಂದಿದ್ದಳು. ಎತ್ತಿದಾಗಲೆಲ್ಲ ಮೇಡಂ ನಿಲ್ಲಿಸಿದರು. ಸುಮ್ನೆ ಮಾತಿಗೆ ಹೇಳಿದ್ದಲ್ಲ.

ಕ್ಯಾಪ್ ಬೇಡ ಅನ್ನೋಣ ಅಂತಿದ್ದೆ. 'ಗವಿಮಠದ ಜಾತ್ರೆಯ ದಾಸೋಹದಲ್ಲಿ ಖಡಕ್ ರೊಟ್ಟಿ ಅಗಿಯೋಕೆ ಆಗುತ್ತೇನ್ರಿ?' ಅಂತ ಕೇಳಿದ್ದೇ ತಡ, 'ಹಾಗಾದ್ರೆ ಕ್ಯಾಪ್ ಹಾಕಿಸಲೇಬೇಕು, ಹುಳುಕು ತಿಂದು ಟೊಳ್ಳಾದ ಹಲ್ಲು, ಗಟ್ಟಿ ಕಚ್ಚಿದರೆ ಸೀಳುತ್ತೆ' ಅಂದರು. ದುಡ್ಡನ್ನು ಕಂತಿನಲ್ಲಿ ಕೊಡಲು ಒಪ್ಪಿದ್ದಕ್ಕೆ ಇನ್ನೊಂದು ಶರಣು.

ಮನೆಯಲ್ಲಿ ವೈನಿ. ಜೋಮು ಇಳಿಯುವ ತನಕ ಏನೂ ಅಗಿಯಬೇಡಿ, ಕೆನ್ನೆ ಕಚ್ಚಿಕೊಳ್ಳುತ್ತೀರಿ ಅಂದಿದ್ದನ್ನು ಅವರು ನನಗಿಂತ ಚೆನ್ನಾಗಿ ನೆನಪಿಟ್ಟಿದ್ದರು. ಕಚ್ಚಿದರೆ ನೋಯುವಷ್ಟು ದಿನ ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಕೊಟ್ಟರು. ರೊಟ್ಟಿ ಬುಟ್ಟಿಯನ್ನು ನನ್ನ ಕಣ್ಣಿಗೆ ಬೀಳದಂತೆ ಎತ್ತಿಟ್ಟರು. ಊತ ಜಾಸ್ತಿಯಾದರೆ, ಜ್ವರ ಬಂದರೆ ಫೋನ್ ಮಾಡಿ ಅಂದಿದ್ದರು ಮೇಡಂ. ವೈನಿ ದಿನಾ ರಾತ್ರಿ ನನ್ನ ಹಣೆ ಮುಟ್ಟಿ ನೋಡುತ್ತಿದ್ದರು. ಫೋನ್ ಮಾಡುವ ಪ್ರಸಂಗ ಬರಲಿಲ್ಲ.

ರೂಟ್ ಕೆನಾಲ್ ಮಾಡಿಸಿದರೆ ಕಣ್ಣು ಮಂಜಾಗುತ್ತದೆ ಅಂತ ಹೆದರಿಸಿದವರಿಗೆ ಥ್ಯಾಂಕ್ಸ್ ಇಲ್ಲ. ಕಣ್ಣು ಮೊದಲಿದ್ದ ಹಾಗೇ ಇದೆ.

ಕಡೆಗೆ, ನಾನು ಇಲ್ಲದಾಗ ನನ್ನ ಅಂಗಡಿಯನ್ನೂ ನೋಡಿಕೊಂಡ ಪಕ್ಕದ ಅಂಗಡಿಯ ಕಾಕಾ ಅವರಿಗೆ. ಕಾಕಾ, ನೀವು ಲವಂಗ ಕಚ್ಚಿಕೊಂಡು ಕೂತದ್ದನ್ನು ನಾನು ನೋಡಿದ್ದೇನೆ. ಸೋಮವಾರ ಮೇಡಂ ಹತ್ತಿರ ಹೋಗಿ ಬರ್ರಿ. ನಿಮ್ಮ ಅಂಗಡಿ ನಾನು ನೋಡಿಕೊಳ್ಳುತ್ತೇನೆ.