ಪಶುಸಂಗೋಪನೆ ಸಚಿವರಿಗೆ: ನಾಯಿಗಳ ಮಿದುಳಿನ ಸ್ಕ್ಯಾನಿಗೆ ದಾರಿ ಮಾಡಿಕೊಡಿ

ಮಾನ್ಯ ಸಚಿವರೇ,

ನಮ್ಮ ನಾಯಿ ಕರಿಯ ತಟ್ಟೆಯ ಎಡಗಡೆ ಇದ್ದದ್ದನ್ನು ಮಾತ್ರ ತಿನ್ನುತ್ತಿದ್ದ. ಬಲಗಡೆಯದು ಹಾಗೇ ಉಳಿಯುತ್ತಿತ್ತು. ತಟ್ಟೆ ತಿರುಗಿಸಿ ಇಟ್ಟರೆ ಅದನ್ನೂ ಖಾಲಿ ಮಾಡುತ್ತಿದ್ದ. ಆಮೇಲೆ ಎಡಕ್ಕೇ ಸುತ್ತುವುದು, ಗೋಡೆಗೆ ಹಣೆ ಒತ್ತಿ ನಿಲ್ಲುವುದು ಶುರುವಾಯಿತು. ಒಂಬತ್ತು ವರ್ಷಕ್ಕೆ ಮೊದಲ ಸಲ ಫಿಟ್ಸ್ ಬಂತು.

ವೈದ್ಯರು ಕಾಳಜಿಯಿಂದಲೇ ನೋಡಿದರು. ರಕ್ತ ಪರೀಕ್ಷೆ ಆಯಿತು, ಎಕ್ಸ್‌ರೇ ಆಯಿತು. ಎಕ್ಸ್‌ರೇಯಲ್ಲಿ ಬುರುಡೆ ಕಾಣುತ್ತದೆ, ಒಳಗಿನ ಮಿದುಳು ಕಾಣುವುದಿಲ್ಲ, ಅಲ್ವಾ? ಹಾಗಾಗಿ ಫಿಟ್ಸ್ ತಡೆಯುವ ಫಿನೋಬಾರ್ಬಿಟಾಲ್ ಮಾತ್ರೆ ಕೊಡುತ್ತಾ ಐದು ತಿಂಗಳು ಕಳೆದೆವು. ಕೊನೆಗೂ ಎಂಆರ್‌ಐ ಸಿಕ್ಕಾಗ, ಎಡಗಡೆಯ ಗೆಡ್ಡೆ ಮಿದುಳಿನ ನಡುಗೆರೆಯನ್ನೇ ಬಲಕ್ಕೆ ತಳ್ಳಿತ್ತು. ಬಲಗಡೆಯದನ್ನು ಗಮನಿಸುವುದು ಮಿದುಳಿನ ಎಡಭಾಗ. ತಟ್ಟೆ ಮೊದಲೇ ಹೇಳಿತ್ತು, ನಮಗೆ ಓದೋಕೆ ಬರಲಿಲ್ಲ.

ಐದಾರು ವರ್ಷ ದಾಟಿದ ನಾಯಿಗೆ ಮೊದಲ ಸಲ ಫಿಟ್ಸ್ ಬಂದರೆ ಗೆಡ್ಡೆ ಇರಬಹುದೇ ಅಂತಲೂ ನೋಡಬೇಕು. ಬಾಕ್ಸರ್, ಫ್ರೆಂಚ್ ಬುಲ್‌ಡಾಗ್‌ನಂಥ ಮೊಂಡು ಮೂತಿಯ ತಳಿಗಳಲ್ಲಿ ಮಿದುಳಿನ ಒಳಗೇ ಹುಟ್ಟುವ ಗ್ಲಯೋಮಾ ಗೆಡ್ಡೆ ಜಾಸ್ತಿ. ಮೆನಿಂಜಿಯೋಮಾ ಎಂಬ ಗೆಡ್ಡೆ ಹಾಗಲ್ಲ, ಅದು ಮಿದುಳಿನ ಹೊರಪೊರೆಯಿಂದ ಬೆಳೆಯುತ್ತದೆ, ಚಿತ್ರ ಸ್ಪಷ್ಟವಾಗಲು ಕೊಡುವ ಗ್ಯಾಡೋಲಿನಿಯಂ ಮದ್ದು ಚುಚ್ಚಿದ ಮೇಲೆ ಎಂಆರ್‌ಐನಲ್ಲಿ ಸಾಮಾನ್ಯವಾಗಿ ಬೆಳ್ಳಗೆ ಎದ್ದು ಕಾಣುತ್ತದೆ, ಮೇಲ್ಭಾಗದಲ್ಲಿದ್ದರೆ ಎಷ್ಟೋ ಸಲ ಆಪರೇಷನ್ ಕೂಡ ಮಾಡಬಹುದು. ಸಿಟಿ ಸ್ಕ್ಯಾನ್ ಬೇಗ ಮುಗಿಯುತ್ತದೆ, ನಿಜ. ಆದರೆ ಕಿವಿ ಹತ್ತಿರದ ದಪ್ಪ ಮೂಳೆಯಿಂದ ಮಿದುಳಿನ ಹಿಂಭಾಗದ ಚಿತ್ರ ಕೆಡುತ್ತದೆ.

ಸುಮ್ನೆ ಒಂದು ಮಷಿನ್ ತಂದಿಟ್ಟರೆ ಸಾಲದು ಸಾರ್. ನಾಯಿ ಅಲುಗಾಡದೆ ಮಲಗುವುದಿಲ್ಲ, ಪೂರ್ತಿ ಅರಿವಳಿಕೆ ಕೊಡಬೇಕು. ಎಂಆರ್‌ಐ ಮಷಿನ್ನೇ ದೊಡ್ಡ ಅಯಸ್ಕಾಂತ, ಆ ಕೋಣೆಯಲ್ಲಿ ಅದಕ್ಕೆ ಅಂಟದ ಉಪಕರಣಗಳೇ ಬೇಕು. ಚಿತ್ರ ಓದಲು ತಿಳಿದವರು ಅದಕ್ಕಿಂತ ಮುಖ್ಯ. ಪಾರ್ಶ್ವವಾಯು, ಮಿದುಳಿನ ಉರಿಯೂತ ಕೂಡ ಕೆಲವೊಮ್ಮೆ ಗೆಡ್ಡೆಯಂತೆಯೇ ಕಾಣುತ್ತವೆ. ಅನುಮಾನ ಇದ್ದರೆ ಬೆನ್ನುಹುರಿ ದ್ರವದ ಪರೀಕ್ಷೆ ಮಾಡಬೇಕಾಗಬಹುದು, ಯಾವ ಗೆಡ್ಡೆ ಅಂತ ಖಚಿತವಾಗಿ ಹೇಳಲು ಅದರ ತುಣುಕು ತೆಗೆದು ನೋಡುವ ಬಯಾಪ್ಸಿಯೇ ಬೇಕು.

ಸರ್ಕಾರಿ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ಇಷ್ಟೆಲ್ಲಾ ಒಟ್ಟಿಗೆ ಇರುವ ಒಂದು ಘಟಕ ಶುರು ಮಾಡಿ. ಅದು ಆಗುವವರೆಗೆ, ಮನುಷ್ಯರ ಸ್ಕ್ಯಾನ್ ಕೇಂದ್ರಗಳು ರೋಗಿಗಳಿಲ್ಲದ ರಾತ್ರಿ ಹೊತ್ತಿನಲ್ಲಿ ಪ್ರಾಣಿಗಳನ್ನು ತೆಗೆದುಕೊಳ್ಳಲು ಸ್ವಚ್ಛತೆಯ ಸ್ಪಷ್ಟ ನಿಯಮ ಹಾಕಿ ಒಪ್ಪಿಗೆ ಕೊಡಿ. ಈಗ ಪರಿಚಯ ಇದ್ದವರಿಗೆ ಮಾತ್ರ ಆ ಬಾಗಿಲು ತೆರೆಯುತ್ತಿದೆ.

ಕರಿಯನ ಸ್ಕ್ಯಾನ್ ಚಿತ್ರಗಳು ನನ್ನ ಹತ್ತಿರವೇ ಇವೆ. ವಿದ್ಯಾರ್ಥಿಗಳ ಪಾಠಕ್ಕೆ ಬೇಕಿದ್ದರೆ ಕೊಡುತ್ತೇನೆ.

ಇಂತಿ,
ಕರಿಯನ ಮನೆಯವರು