ಕೈ ಮಾತು ಕೇಳ್ತಿಲ್ಲ ಅಂದೆಯಲ್ಲ, ಪುಟ್ಟಿ

ಶಿಡ್ಲಘಟ್ಟ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಹೊಸ ಮನೆ, ಕೆಲಸದ ವಿಷಯ ಎಲ್ಲ ಓದಿದೆ. ಆದರೆ ಮನಸ್ಸು ಕೊನೆಯ ಸಾಲುಗಳಲ್ಲೇ ನಿಂತುಬಿಟ್ಟಿತು. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗುತ್ತೆ, ಎರಡು ಸಲ ಕಾಫಿ ಲೋಟ ಜಾರಿತು, "ಮಾವ, ನನ್ನ ಕೈ ನನ್ನ ಮಾತು ಕೇಳ್ತಿಲ್ಲ, ಲಕ್ವ ಇರಬಹುದಾ?" ಅಂತ ಬರೆದಿದ್ದೀಯ. ನನಗೆ ನಿದ್ದೆ ಬರಲಿಲ್ಲ. ನಿನ್ನ ಅತ್ತೆಗೆ ಓದಿ ಹೇಳಲೂ ಧೈರ್ಯ ಆಗಲಿಲ್ಲ.

ಒಂದು ಕೆಲಸ ಮಾಡು. ಎಡಗೈಯಿಂದ ಬಲ ಮುಂಗೈಯನ್ನು ಮೊಣಕೈ ಹತ್ತಿರ ಹಿಡಿದುಕೋ. ಈಗ ಬಲಗೈ ಬೆರಳು ಮಡಚು, ಬಿಡಿಸು. ಚರ್ಮದ ಕೆಳಗೆ ಏನೋ ಹರಿದಾಡುತ್ತೆ ಅಲ್ವಾ? ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದೇ ಅಲ್ಲಿ. ಅವುಗಳ 9 ಹಗ್ಗಗಳು ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನುಸುಳಿ ಬೆರಳಿಗೆ ಹೋಗುತ್ತವೆ. ಜೊತೆಗೆ ಒಂದು ನರ, ಮೀಡಿಯನ್ ನರ. ಕೆಳಗೆ ಮೂಳೆ, ಮೇಲೆ ಗಟ್ಟಿ ಪಟ್ಟಿ. ಒಳಗೆ ಸ್ವಲ್ಪ ಊದಿಕೊಂಡರೂ ನಲುಗುವುದು ಆ ನರವೇ.

ನಮ್ಮೂರಲ್ಲಿ ಎಂಟು ಹತ್ತು ರೇಷ್ಮೆಗೂಡಿನ ಎಳೆ ಸೇರಿಸಿ ಒಂದು ನೂಲು ತೆಗೆಯುತ್ತಾರಲ್ಲ, ನರದಲ್ಲಿ ಅಂಥ ಎಳೆಗಳು ಸಾವಿರಾರು. ಕೆಲವು ಮೇಲಿಂದ, ಮಿದುಳಿನ ಅಪ್ಪಣೆಯನ್ನು ಸ್ನಾಯುವಿಗೆ ತರುತ್ತವೆ. ಎಳೆಯ ತುದಿಯಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹೊರಬೀಳುತ್ತೆ, ಸ್ನಾಯು ಕುಗ್ಗಿ ಎಳೆಯುತ್ತೆ. ಉಳಿದ ಎಳೆಗಳು ಚರ್ಮದ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತವೆ. ಲೋಟ ಬಿಸಿ ಇದೆ, ಜಾರುತ್ತಿದೆ, ಇನ್ನೂ ಬಿಗಿ ಹಿಡಿ ಅಂತ. ಆ ಸುದ್ದಿಯೇ ಬರದಿದ್ದರೆ ಎಷ್ಟು ಬಿಗಿ ಹಿಡಿಯಬೇಕು ಅಂತ ಗೊತ್ತಾಗುವುದು ಹೇಗೆ? ನನಗನ್ನಿಸುತ್ತೆ, ಕೈ ನಿನ್ನ ಮಾತು ಕೇಳುತ್ತಲೇ ಇದೆ. ಕೈ ಹೇಳುವುದು ನಿನಗೆ ಮುಟ್ಟುತ್ತಿಲ್ಲ.

ಇದನ್ನೆಲ್ಲ 28 ವರ್ಷ ಹೈಸ್ಕೂಲಲ್ಲಿ ಪಾಠ ಮಾಡಿದವನು ನಾನು. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರಿದ್ದನ್ನು ಇಟಲಿಯ ವಿಜ್ಞಾನಿ ಗ್ಯಾಲ್ವನಿ 1791ರಲ್ಲಿ ಬರೆದು ಪ್ರಕಟಿಸಿದ ಕಥೆ ಹೇಳಿದರೆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ಮನೆಯಲ್ಲಿ ನಿನ್ನ ಅತ್ತೆ ನಡುರಾತ್ರಿ ಎದ್ದು ಕೂತು ಕೈ ಒದರುತ್ತಿದ್ದಳು. "ದಿನವಿಡೀ ಬಿಸಿನೀರಲ್ಲಿ ಎಳೆ ಹುಡುಕ್ತೀಯ, ಸುಸ್ತು ಅಷ್ಟೇ, ಸುಮ್ನೆ ಮಲಕ್ಕೋ" ಅಂದೆ. ಮೂರು ವರ್ಷ ಹಾಗೇ ಅಂದೆ. ಒಂದು ಸಂಕ್ರಾಂತಿ ಹಿಂದಿನ ದಿನ ಅವಳು ಅವರೆಕಾಳು ಹಿತುಕುತ್ತಿದ್ದಳು. ಕಾಳು ಬೆರಳ ಸಂದಿಯಿಂದ ಜಾರಿ ಜಾರಿ ಬೀಳುತ್ತಿತ್ತು. ಆಗ ಅವಳ ಕೈ ಹಿಡಿದು ನೋಡಿದೆ. ಹೆಬ್ಬೆರಳ ಬುಡದ ಉಬ್ಬು ಇಳಿದು ಗುಳಿ ಬಿದ್ದಿತ್ತು. ನರದ ಅಪ್ಪಣೆ ಸಿಗದ ಸ್ನಾಯು ಸೊರಗುತ್ತೆ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಆಪರೇಷನ್ ಆದಮೇಲೆ ಜೋಮು ಹೋಯಿತು, ಗುಳಿ ತುಂಬಲಿಲ್ಲ. ಉಳಿದದ್ದು ನಿನಗೆ ಗೊತ್ತೇ ಇದೆ.

ಸಾಮಾನ್ಯವಾಗಿ ಜೋಮು ಮೊದಲು, ಸೊರಗುವುದು ಆಮೇಲೆ. ನೀನಿನ್ನೂ ಜೋಮಿನ ಹಂತದಲ್ಲೇ ಇದ್ದೀಯ ಅಂತ ನನ್ನ ಆಸೆ. ಲಕ್ವ ಸಾಮಾನ್ಯವಾಗಿ ದಿಢೀರನೆ ಬರುತ್ತೆ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯಬೇಡ, ಆಸ್ಪತ್ರೆಗೆ ಓಡು. ನಾನೇನು ಡಾಕ್ಟರಲ್ಲ, ಜಾಸ್ತಿ ಹೇಳಲು ಸಂಕೋಚ. ಆದರೂ ಈ ವಾರವೇ ನರದ ಡಾಕ್ಟರಿಗೆ ತೋರಿಸು. ನರದಲ್ಲಿ ಸಂದೇಶ ಎಷ್ಟು ಬೇಗ ಹರಿಯುತ್ತೆ ಅಂತ ನೋಡುವ ಪರೀಕ್ಷೆ ಇದೆ. ಶುಗರ್, ಥೈರಾಯ್ಡ್ ಕೂಡ ನೋಡಿಸಿಬಿಡು. ರಾತ್ರಿ ಮಣಿಕಟ್ಟು ಮಡಚದಂತೆ ಹಿಡಿಯುವ ಪಟ್ಟಿ ಸಿಗುತ್ತೆ, ಕೇಳಿ ನೋಡು. ಕೆಲಸಕ್ಕೆ ರಜೆ ಸಿಗಲ್ಲ ಅಂತ ಮಾತ್ರ ಬರೀಬೇಡ.

ಇವತ್ತು ಬೆಳಿಗ್ಗೆ ಕೊನೆಗೂ ನಿನ್ನ ಅತ್ತೆಗೆ ಕಾಗದ ಓದಿದೆ. ಎಡಗೈಯಲ್ಲಿ ಅವರೆಕಾಳು ಹಿತುಕುತ್ತಿದ್ದವಳು ಕೈ ನಿಲ್ಲಿಸಿದಳು. "ಕಿರುಬೆರಳೂ ಜೋಮು ಹಿಡಿಯುತ್ತಾ ಕೇಳಿ. ನನಗೆ ಅದೊಂದು ಚೆನ್ನಾಗೇ ಇತ್ತು" ಅಂದಳು. ಕಿರುಬೆರಳಿಗೆ ಹೋಗುವುದು ಬೇರೆ ನರ. ಪಾಠ ಮಾಡಿದ ನನಗೆ ಅದನ್ನು ಕೇಳಬೇಕು ಅಂತ ಹೊಳೆದಿರಲಿಲ್ಲ. ಯಾವ ಯಾವ ಬೆರಳು ಅಂತ ನೋಡಿ ಡಾಕ್ಟರಿಗೂ ಹೇಳು, ನಮಗೂ ಹೇಳು. ಕಾಗದ ಬೇಡ, ಇವತ್ತು ರಾತ್ರಿಯೇ ಫೋನ್ ಮಾಡು. ಅತ್ತೆ ಮಲಗದೆ ಕಾಯುತ್ತಾಳೆ.

ನಿನ್ನ ಮಾವ