ಇಂಧನ ಸಚಿವರಿಗೆ ಬಹಿರಂಗ ಪತ್ರ: ನೆಟ್ ಮೀಟರ್ ಕೂರಿಸುವ ಮೊದಲು ಆರ್‌ಸಿಸಿಬಿ ನೋಡಿಸಿ

ಮಾನ್ಯ ಸಚಿವರೇ, ನಮಸ್ಕಾರ.

ನಮ್ಮದು ಮಲೆನಾಡಿನ ಒಂದು ಹಳ್ಳಿ. ಮನೆ ಟೆರೇಸ್ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಬಂದಿದೆ, ಬಿಲ್ಲೂ ಇಳಿದಿದೆ. ಅದರ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಬೋರ್ಡಿನ ಒಳಗಿರುವ ಆರ್‌ಸಿಸಿಬಿಯದ್ದು, ಅಂದರೆ ಕರೆಂಟ್ ಭೂಮಿಗೋ ಮೈಗೋ ಸೋರಿದರೆ ತಾನೇ ಲೈನ್ ಕಡಿಯುವ (ಟ್ರಿಪ್ ಆಗುವ) ಸ್ವಿಚ್ಚಿನದ್ದು.

ಹೋದ ವರ್ಷ ಆರಿದ್ರಾ ಮಳೆ ಹಿಡಿದ ದಿನದಿಂದ ಶುರುವಾಯಿತು. ಬೆಳಿಗ್ಗೆ ಊರಿಗೆಲ್ಲ ಕರೆಂಟ್ ಇರುತ್ತಿತ್ತು, ನಮ್ಮ ಮನೆಗೆ ಇಲ್ಲ. ಆರ್‌ಸಿಸಿಬಿ ಟ್ರಿಪ್ ಆಗಿರುತ್ತಿತ್ತು. ಎತ್ತಿದರೆ ಹತ್ತು ನಿಮಿಷ, ಮತ್ತೆ ಟ್ರಿಪ್. ಸೋಲಾರ್ ಹಾಕಿದವರಿಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಕೊನೆಗೊಂದು ದಿನ ಒಬ್ಬ ಹುಡುಗ ಬಂದ. ಅರ್ಧ ಗಂಟೆ ಏನೋ ಮಾಡಿ, ‘ಇನ್ಮೇಲೆ ಟ್ರಿಪ್ ಆಗಲ್ಲ ಸಾರ್’ ಅಂದ. ಆಮೇಲೆ ಒಂದು ಸಲವೂ ಆಗಲಿಲ್ಲ.

ಅಕ್ಟೋಬರಿನಲ್ಲಿ ಅಮ್ಮ ದೋಸೆಗೆ ರುಬ್ಬುತ್ತಿದ್ದರು. ಬರಿಗಾಲು, ಒದ್ದೆ ನೆಲ. ಗ್ರೈಂಡರ್ ಮುಟ್ಟಿದ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಕೂಗಲೂ ಆಗಲಿಲ್ಲ. ಅಕ್ಕಿಹಿಟ್ಟು ನೆಲಕ್ಕೆ ಚೆಲ್ಲಿದ ಸದ್ದಿಗೆ ನಾನು ತಿರುಗಿ ನೋಡಿದೆ, ಓಡಿ ಮೇನ್ ಆಫ್ ಮಾಡಿದೆ. ಅವರಿಗೆ 71 ವರ್ಷ. ಎರಡು ಬೆರಳು ಸುಟ್ಟಿದ್ದವು. ಇವತ್ತಿಗೂ ಅವರು ಗ್ರೈಂಡರ್ ಹತ್ತಿರ ಹೋಗುವುದಿಲ್ಲ.

ಊರಿನ ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿದರು. ಆ ಹುಡುಗ ಫೇಸ್, ನ್ಯೂಟ್ರಲ್ ಎರಡನ್ನೂ ಆರ್‌ಸಿಸಿಬಿ ತಪ್ಪಿಸಿ ನೇರವಾಗಿ ಸೇರಿಸಿ ಕಪ್ಪು ಟೇಪ್ ಸುತ್ತಿದ್ದ. ಗ್ರೈಂಡರ್ ಪ್ಲಗ್ಗಿನ ಅರ್ತ್ ತಂತಿ ಕಡಿದಿತ್ತು. ಅದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ಆರ್‌ಸಿಸಿಬಿ ಇರುವುದೇ ಅಂಥ ಹೊತ್ತಿಗೆ ಅಲ್ವಾ?

ನಿಮ್ಮ ಎಂಜಿನಿಯರುಗಳಿಗೆ ಕಾರಣ ಗೊತ್ತೇ ಇದೆ. ಪ್ಯಾನೆಲ್ ಒದ್ದೆಯಾದರೆ ಟ್ರಾನ್ಸ್‌ಫಾರ್ಮರ್ ಇಲ್ಲದ ಇನ್ವರ್ಟರಿನಿಂದ (ಪ್ಯಾನೆಲಿನ ಡಿಸಿ ಕರೆಂಟನ್ನು ಮನೆಯ ಎಸಿಗೆ ಬದಲಿಸುವ ಪೆಟ್ಟಿಗೆ) ಭೂಮಿಗೆ ಹೋಗುವ ಕರೆಂಟ್ ಜಾಸ್ತಿಯಾಗುತ್ತದೆ. ಅದು ಕೆಟ್ಟಿದ್ದಕ್ಕಲ್ಲ, ಅದರ ಸ್ವಭಾವವೇ ಹಾಗೆ. 30 ಮಿಲಿಆಂಪಿನ ಆರ್‌ಸಿಸಿಬಿ, ಸೋರಿಕೆ 15 ಮಿಲಿಆಂಪ್ ದಾಟಿದ ಮೇಲೆ, ಯಾವಾಗ ಬೇಕಾದರೂ ಬೀಳಬಹುದು, ಅಂದರೆ ಟ್ರಿಪ್ ಆಗಬಹುದು. ನಮ್ಮಲ್ಲಿ ಸೋಲಾರನ್ನು ಮನೆಯ ಆರ್‌ಸಿಸಿಬಿಯ ಮೂಲಕವೇ ಹಾದುಹೋಗುವಂತೆ ಸೇರಿಸಿದ್ದರು. ಅದಕ್ಕೇ ಮಳೆ ಬಂದಾಗೆಲ್ಲ ಟ್ರಿಪ್. ಸೋಲಾರಿಗೆ ಬೇರೆ ಲೈನ್ ಎಳೆದು, ಅದಕ್ಕೆ ಇನ್ವರ್ಟರ್ ಕೈಪಿಡಿಯಲ್ಲಿ ಹೇಳಿದಂತೆ 100 ಅಥವಾ 300 ಮಿಲಿಆಂಪಿನದ್ದು ಹಾಕಿ, ಮನೆಯ 30ರದ್ದನ್ನು ಮುಟ್ಟದೆ ಬಿಟ್ಟಿದ್ದರೆ ಸಾಕಿತ್ತು.

ಇನ್ನೊಂದು ಮಾತು. ಸೋಲಾರ್ ಡಬ್ಬಿಯಲ್ಲಿದ್ದ ಆರ್‌ಸಿಸಿಬಿ ಮೇಲೆ ಒಂದೇ ಒಂದು ಅಲೆಯ ಗುರುತಿತ್ತು. ಅಂದರೆ ಟೈಪ್ ಎಸಿ, ಎಸಿ ಸೋರಿಕೆಯನ್ನು ಮಾತ್ರ ಗುರುತಿಸುವಂಥದ್ದು. ಇಂಥ ಇನ್ವರ್ಟರಿನಲ್ಲಿ ದೋಷ ಬಂದರೆ ಡಿಸಿ ಕರೆಂಟೂ ಸೋರಬಹುದು. ಡಿಸಿ ಬಂದರೆ ಟೈಪ್ ಎಸಿ ಕುರುಡಾಗುತ್ತದೆ, ಬೀಳಬೇಕಾದಾಗ ಬೀಳುವುದಿಲ್ಲ. ಟೈಪ್ ಎ ಕೂಡ 6 ಮಿಲಿಆಂಪ್ ಡಿಸಿ ತನಕ ಮಾತ್ರ ನಂಬಿಕೆಗೆ ಯೋಗ್ಯ. ಡಿಸಿ ಸೋರಿಕೆಯನ್ನೂ ಹಿಡಿಯುವ ಟೈಪ್ ಬಿ ಬೇಡ ಎಂದು ಇನ್ವರ್ಟರ್ ತಯಾರಕರೇ ಬರೆದುಕೊಟ್ಟಿರಬೇಕು, ಇಲ್ಲವೇ ಟೈಪ್ ಬಿ ಹಾಕಬೇಕು. ಟೈಪ್ ಬಿ ದುಬಾರಿ, ನಿಜ. ಅದಕ್ಕೇ ಯಾರೂ ತಾವಾಗಿ ಹಾಕುವುದಿಲ್ಲ.

ನೆಟ್ ಮೀಟರ್ (ನಾವು ಬಳಸಿದ, ಲೈನಿಗೆ ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕೂರಿಸಲು ಬಂದ ವಿದ್ಯುತ್ ಕಂಪನಿಯವರು ಮೀಟರಿನ ಫೋಟೋ ತೆಗೆದರು. ಪ್ಯಾನೆಲ್ ಪಕ್ಕ ನನ್ನನ್ನು ನಿಲ್ಲಿಸಿ ಒಂದು ತೆಗೆದರು. ಬೋರ್ಡಿನ ಮುಚ್ಚಳ ಮಾತ್ರ ತೆಗೆಯಲಿಲ್ಲ. ಅವತ್ತೇ ತೆಗೆದು ನೋಡಿದ್ದರೆ ತಪ್ಪು ವೈರಿಂಗ್ ಅಲ್ಲೇ ಸಿಗುತ್ತಿತ್ತು. ಆಮೇಲೆ ನಾನು ಅವರ ಕಚೇರಿಗೆ ಮೂರು ಅರ್ಜಿ ಕೊಟ್ಟೆ. ‘ಅದು ಸೋಲಾರ್ ಹಾಕಿದವರ ಜವಾಬ್ದಾರಿ’ ಅನ್ನುವುದೊಂದೇ ಉತ್ತರ. ಹಾಗಾದರೆ ತಪಾಸಣೆ ಅಂತ ಸಹಿ ಹಾಕುವುದು ಯಾವುದಕ್ಕೆ, ಸ್ವಾಮಿ? ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ಅಮ್ಮನ ಕೈ ನೋಡಿದಾಗೆಲ್ಲ ಬರುತ್ತದೆ.

ಕೇಳುವುದು ಇಷ್ಟೇ. ನೆಟ್ ಮೀಟರ್ ಕೂರಿಸುವ ಮೊದಲು ಬೋರ್ಡ್ ಬಿಚ್ಚಿ ಆರ್‌ಸಿಸಿಬಿ ನೋಡಲಿ. ಯಾವ ಟೈಪ್, ಎಷ್ಟು ಮಿಲಿಆಂಪ್, ಯಾವ ಲೈನಿನಲ್ಲಿದೆ ಅಂತ ವರದಿಯಲ್ಲಿ ಬರೆಯಲಿ. ಟೆಸ್ಟ್ ಬಟನ್ ಒತ್ತಿ ಮನೆಯವರ ಎದುರೇ ತೋರಿಸಲಿ. ವರದಿಯ ಪ್ರತಿ ನಮಗೂ ಕೊಡಲಿ. ಈಗಾಗಲೇ ಸೋಲಾರ್ ಹಾಕಿಸಿಕೊಂಡ ಮನೆಗಳಲ್ಲೂ ಒಮ್ಮೆ ಬೋರ್ಡ್ ಬಿಚ್ಚಿ ನೋಡಲಿ. ನಮ್ಮ ಊರಲ್ಲೇ ಅದೇ ಹುಡುಗ ‘ಸರಿ ಮಾಡಿದ’ ಮನೆಗಳು ಇನ್ನೂ ಇವೆ.

ಜೂನ್‌ನಲ್ಲಿ ಮತ್ತೆ ಮಳೆ ಬರುತ್ತದೆ. ಅದಕ್ಕೂ ಮೊದಲು ಸುತ್ತೋಲೆ ಹೊರಡಿಸಿ.

ಇಂತಿ,
ಮಲೆನಾಡಿನ ಒಬ್ಬ ಗ್ರಾಹಕ